ಮೊಣಕಾಲಿನ ಲಿಗಮೆಂಟ್ ಹರಿದರೆ ಯಾವಾಗ ಏನು ಮಾಡಬೇಕು: ಪೆಟ್ಟು ಬಿದ್ದ ದಿನದಿಂದ ಅಂಗಳಕ್ಕೆ ಮರಳುವವರೆಗೆ

ಆಪರೇಷನ್ ಚೆನ್ನಾಗಿಯೇ ಆಗಿರುತ್ತದೆ. ಹೊಲಿಗೆ ಬಿಚ್ಚಿದ್ದಾಗಿದೆ, ಗಾಯವೂ ಒಣಗಿದೆ. ಆದರೂ ಮೂರು ತಿಂಗಳಾದ ಮೇಲೆ ಕಾಲು ಪೂರ್ತಿ ನೆಟ್ಟಗಾಗುವುದಿಲ್ಲ, ತೊಡೆ ಸೊರಗಿದೆ, ಮೆಟ್ಟಿಲು ಇಳಿಯುವಾಗ ಮೊಣಕಾಲು ನಡುಗುತ್ತದೆ. ಹಾವೇರಿ ಕಡೆಯ ಕಬಡ್ಡಿ ಆಟಗಾರ, ಗದಗದಲ್ಲಿ ಓದುವ ವಾಲಿಬಾಲ್ ಹುಡುಗಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಬೈಕ್ ಜಾರಿ ಬಿದ್ದ ಗುಮಾಸ್ತ, ಎಲ್ಲರೂ ಫಿಸಿಯೋಥೆರಪಿ ಕೊಠಡಿಗೆ ತರುವ ದೂರು ಇದೇ. ಇವರಲ್ಲಿ ಹೆಚ್ಚಿನವರು ಬೆವರು ಹರಿಸಿಯೇ ವ್ಯಾಯಾಮ ಮಾಡಿರುತ್ತಾರೆ. ತಪ್ಪಿರುವುದು ಕ್ರಮ. ಕಾಲು ನೆಟ್ಟಗಾಗುವ ಮೊದಲೇ ಬಗ್ಗಿಸಲು ಹೊರಟಿರುತ್ತಾರೆ, ತೊಡೆಗೆ ಬಲ ಬರುವ ಮೊದಲೇ ಓಡಿರುತ್ತಾರೆ.

ಇಲ್ಲಿ ಹೇಳುವುದು ಮುಖ್ಯವಾಗಿ ಎಸಿಎಲ್ ಎಂಬ ಲಿಗಮೆಂಟ್, ಅಂದರೆ ಮೂಳೆಗೆ ಮೂಳೆಯನ್ನು ಬಿಗಿಯುವ ಕಟ್ಟಿನ ಬಗ್ಗೆ. ತೊಡೆಮೂಳೆಯಿಂದ ಕೆಳಗಾಲಿನ ಮೂಳೆಗೆ ಓರೆಯಾಗಿ ಇಳಿಯುವ ಈ ಕಟ್ಟು, ಕೆಳಮೂಳೆ ಮುಂದಕ್ಕೆ ಜಾರದಂತೆ ಮತ್ತು ತಿರುಚಿಕೊಳ್ಳದಂತೆ ಹಿಡಿದಿಡುತ್ತದೆ. ಮೊಣಕಾಲಿನ ಒಳಬದಿಯ ಎಂಸಿಎಲ್ ಎಂಬ ಲಿಗಮೆಂಟ್ ಮಾತ್ರ ಹರಿದಿದ್ದರೆ ಸಾಮಾನ್ಯವಾಗಿ ಬ್ರೇಸ್ (ಮೊಣಕಾಲಿಗೆ ಹಾಕುವ ಆಸರೆಪಟ್ಟಿ) ಮತ್ತು ವ್ಯಾಯಾಮದಲ್ಲೇ ಕೂಡಿಕೊಳ್ಳುತ್ತದೆ. ಎಸಿಎಲ್ ಪೂರ್ತಿ ತುಂಡಾದರೆ ಹಾಗೆ ನೆಚ್ಚಿಕೊಂಡು ಕೂರಲಾಗದು.

ಮೊದಲು ಹೊಂದಿಸಿಕೊಳ್ಳಬೇಕಾದ ಸಾಮಾನು

ದುಬಾರಿ ಯಂತ್ರಗಳ ಅಗತ್ಯವಿಲ್ಲ. ನಿಮ್ಮ ಎತ್ತರಕ್ಕೆ ಸರಿಹೊಂದಿಸಿದ ಎರಡು ಊರುಗೋಲು, ಆರು ಇಂಚು ಅಗಲದ ಕ್ರೇಪ್ ಬ್ಯಾಂಡೇಜ್, ಎರಡು ದಪ್ಪ ಟವೆಲ್, ಐಸ್ ಹಾಕಲು ಗಟ್ಟಿ ಪ್ಲಾಸ್ಟಿಕ್ ಚೀಲ, ದರ್ಜಿಗಳ ಅಳತೆಪಟ್ಟಿ, ಒಂದು ನೋಟ್‌ಬುಕ್ ಇದ್ದರೆ ಆಯಿತು. ಮನೆಯಲ್ಲಿ ಕುಕ್ಕರಗಾಲಲ್ಲಿ ಕೂರುವ ಶೌಚಾಲಯವಷ್ಟೇ ಇದ್ದರೆ ಮಡಚುವ ಕಮೋಡ್ ಕುರ್ಚಿಯೊಂದು ಬೇಕೇ ಬೇಕು. ಇದನ್ನು ಆಪರೇಷನ್‌ಗೆ ಮುಂಚೆ ತಂದಿಡಿ. ಆಸ್ಪತ್ರೆಯಿಂದ ಬಂದ ರಾತ್ರಿ ಹುಡುಕಲು ಹೊರಟರೆ ಸಿಗುವುದಿಲ್ಲ. ಬ್ರೇಸ್ ಅನ್ನು ಔಷಧಿ ಅಂಗಡಿಯವರ ಮಾತಿನ ಮೇಲೆ ಕೊಳ್ಳಬೇಡಿ. ಯಾವ ಬಗೆಯದು, ಎಷ್ಟು ವಾರ ಹಾಕಬೇಕು ಎಂದು ವೈದ್ಯರು ಬರೆದುಕೊಟ್ಟ ಮೇಲಷ್ಟೇ ತೆಗೆದುಕೊಳ್ಳಿ.

ಹಂತ 1: ಮೊದಲ ಮೂರು ದಿನ

ಹಾರಿ ಇಳಿಯುವಾಗ, ಓಡುತ್ತಾ ತಟ್ಟನೆ ತಿರುಗುವಾಗ, ಅಥವಾ ಕಾಲು ನೆಲಕ್ಕೆ ಕಚ್ಚಿಕೊಂಡು ಮೈ ಮಾತ್ರ ತಿರುಗಿದಾಗ ‘ಟಪ್’ ಎಂಬ ಸದ್ದು ಕೇಳಿಸಿತೇ? ಕೆಲವೇ ಗಂಟೆಗಳಲ್ಲಿ ಮೊಣಕಾಲು ಊದಿತೇ? ಹಾಗಿದ್ದರೆ ಒಳಗೆ ರಕ್ತ ತುಂಬಿದೆ ಎಂದು ತಿಳಿಯಿರಿ. ಮಾಮೂಲಿ ಉಳುಕಿನ ಬಾವು ಸಾಮಾನ್ಯವಾಗಿ ನಿಧಾನವಾಗಿ, ಮರುದಿನದ ಹೊತ್ತಿಗೆ ಬರುತ್ತದೆ.

ಆಟ ಅಲ್ಲಿಗೇ ನಿಲ್ಲಿಸಿ. ‘ಎದ್ದು ನಾಲ್ಕು ಹೆಜ್ಜೆ ಹಾಕು, ಸರಿ ಹೋಗುತ್ತದೆ’ ಎನ್ನುವ ಗೆಳೆಯರ ಮಾತಿಗೆ ಎದ್ದು ಮತ್ತೆ ಆಡಿದವರು ಎಸಿಎಲ್ ಜೊತೆಗೆ ಮೆನಿಸ್ಕಸ್ಸನ್ನೂ ಹರಿದುಕೊಳ್ಳುತ್ತಾರೆ. ಮೆನಿಸ್ಕಸ್ ಎಂದರೆ ಎರಡು ಮೂಳೆಗಳ ನಡುವಿನ ಮೆತ್ತೆ. ಅದು ಹೋದರೆ ಮುಂದೆ ಕೀಲು ಸವೆಯುವುದು ಬೇಗ.

ಒದ್ದೆ ಬಟ್ಟೆಯಲ್ಲಿ ಸುತ್ತಿದ ಐಸ್ ಚೀಲವನ್ನು ಹದಿನೈದರಿಂದ ಇಪ್ಪತ್ತು ನಿಮಿಷ ಇಡಿ. ಎಚ್ಚರವಿರುವ ಹೊತ್ತಿನಲ್ಲಿ ಎರಡು ಮೂರು ಗಂಟೆಗೊಮ್ಮೆ ಹೀಗೆ ಮಾಡಿ. ಐಸ್ ನೇರವಾಗಿ ಚರ್ಮಕ್ಕೆ ತಗಲಿದರೆ ಚರ್ಮ ಸುಡುತ್ತದೆ. ಕ್ರೇಪ್ ಬ್ಯಾಂಡೇಜನ್ನು ಕೆಳಗಿನಿಂದ ಮೇಲಕ್ಕೆ, ಒಳಗೆ ಒಂದು ಬೆರಳು ಸರಾಗವಾಗಿ ಹೋಗುವಷ್ಟು ಸಡಿಲವಾಗಿ ಸುತ್ತಿ. ಮಲಗಿದಾಗ ಕಾಲು ಎದೆಗಿಂತ ಮೇಲಿರಲಿ. ದಿಂಬುಗಳನ್ನು ಹಿಮ್ಮಡಿಯ ಕೆಳಗೆ ಜೋಡಿಸಿ, ಮೊಣಕಾಲಿನ ಕೆಳಗೆ ಬೇಡ. ಈ ಮಾತು ಮುಂದೆಯೂ ಬರುತ್ತದೆ, ಏಕೆಂದರೆ ಅತಿ ಹೆಚ್ಚು ಜನ ಎಡವುವುದು ಇಲ್ಲೇ.

ಈ ಮೂರು ದಿನ ಬಿಸಿ ಶಾಖ, ಎಣ್ಣೆ ಮಾಲೀಶು, ಮದ್ಯ ಮೂರೂ ಬೇಡ. ಒಳಗಿನ ರಕ್ತಸ್ರಾವ ಇವುಗಳಿಂದ ಹೆಚ್ಚಾಗುತ್ತದೆ. ನಮ್ಮ ಕಡೆ ಹಳ್ಳಿಗಳಲ್ಲಿ ಮೊದಲು ಮೂಳೆ ಕಟ್ಟುವವರ ಬಳಿಗೆ ಹೋಗುವ ರೂಢಿ ಇನ್ನೂ ಇದೆ. ಮೂಳೆ ಮುರಿದಿದೆಯೋ, ಕೀಲು ತಪ್ಪಿದೆಯೋ, ಲಿಗಮೆಂಟ್ ಹರಿದಿದೆಯೋ ಗೊತ್ತಿಲ್ಲದೆ ಎಳೆದು, ಬಿದಿರಿನ ದಬ್ಬೆ ಇಟ್ಟು ಬಿಗಿದು ಕಟ್ಟಿದ ಪಟ್ಟಿ ರಕ್ತ ಸಂಚಾರವನ್ನೇ ತಡೆಯಬಲ್ಲದು. ಹಿರಿಯರ ಮನಸ್ಸು ನೋಯಿಸಬಾರದು ಎನ್ನುವುದಿದ್ದರೆ ‘ಎಕ್ಸ್-ರೇ ಆದ ಮೇಲೆ ಬರುತ್ತೇವೆ ಅಜ್ಜಾ’ ಎಂದು ಹೇಳಿ ಹೊರಡಿ.

*ಕಾಯಬಾರದ ಲಕ್ಷಣಗಳು.* ಪಾದ ತಣ್ಣಗಾಗಿ ಬಿಳಿಚಿಕೊಳ್ಳುವುದು, ಜೋಮು ಹಿಡಿದು ಬಿಡದಿರುವುದು, ಪಾದವನ್ನು ಮೇಲಕ್ಕೆತ್ತಲು ಆಗದಿರುವುದು, ಮೊಣಕಾಲಿನ ಆಕಾರವೇ ಬದಲಾಗಿರುವುದು. ಇವು ಕೀಲು ತಪ್ಪಿ ಹಿಂಬದಿಯ ರಕ್ತನಾಳಕ್ಕೋ ನರಕ್ಕೋ ಪೆಟ್ಟಾಗಿರುವ ಸೂಚನೆಗಳು. ಕಾಲು ಉಳಿಯಬೇಕಾದರೆ ಗಂಟೆಗಳ ಲೆಕ್ಕದಲ್ಲಿ ದೊಡ್ಡ ಆಸ್ಪತ್ರೆ ಸೇರಬೇಕು. 108ಕ್ಕೆ ಕರೆ ಮಾಡಿ. ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಅದೇ ದಿನ ಎಕ್ಸ್-ರೇ ಮಾಡಿಸಿ.

ಹಂತ 2: ಏನು ಹರಿದಿದೆ ಎಂದು ಖಚಿತಪಡಿಸಿಕೊಳ್ಳುವುದು

ಇದರ ಕ್ರಮ ಎಕ್ಸ್-ರೇ, ವೈದ್ಯರ ಕೈ ಪರೀಕ್ಷೆ, ಆಮೇಲೆ ಎಂಆರ್‌ಐ. ಎಕ್ಸ್-ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ, ಮೂಳೆ ಮಾತ್ರ ಕಾಣುತ್ತದೆ. ‘ಎಕ್ಸ್-ರೇ ನಾರ್ಮಲ್ ಬಂತು, ಏನೂ ಆಗಿಲ್ಲ’ ಎಂದು ಮನೆಗೆ ಮರಳಿ, ಆರು ತಿಂಗಳ ನಂತರ ಕಾಲು ಮತ್ತೆ ಮತ್ತೆ ಜಾರತೊಡಗಿದಾಗ ಬರುವವರು ಬಹಳ.

ಕೈ ಪರೀಕ್ಷೆಯಲ್ಲಿ ವೈದ್ಯರು ಮೊಣಕಾಲನ್ನು ತುಸು ಬಗ್ಗಿಸಿ ಕೆಳಗಾಲನ್ನು ಮುಂದಕ್ಕೆ ಎಳೆದು ನೋಡುತ್ತಾರೆ. ಅನುಭವಿ ಕೈಗೆ ಇದೇ ಬಹಳಷ್ಟು ಹೇಳಿಬಿಡುತ್ತದೆ. ಪೆಟ್ಟಾದ ದಿನ ನೋವಿಗೆ ಸ್ನಾಯು ಬಿಗಿಯಾಗಿರುವುದರಿಂದ ಈ ಪರೀಕ್ಷೆ ಮೋಸ ಮಾಡಬಹುದು. ಆದ್ದರಿಂದ ಒಂದೆರಡು ವಾರ ಬಿಟ್ಟು ಮತ್ತೊಮ್ಮೆ ತೋರಿಸಲೇಬೇಕು. ಎಂಆರ್‌ಐ ಮುಖ್ಯವಾಗಿ ಬೇಕಾಗುವುದು ಮೆನಿಸ್ಕಸ್, ಮೃದ್ವಸ್ಥಿ ಮತ್ತು ಉಳಿದ ಲಿಗಮೆಂಟ್‌ಗಳ ಸ್ಥಿತಿ ತಿಳಿಯಲು. ವರದಿಯ ಹಾಳೆಯ ಜೊತೆಗೆ ಚಿತ್ರಗಳ ಸಿ.ಡಿ.ಯನ್ನೂ ಕೇಳಿ ಪಡೆಯಿರಿ, ಎರಡನೇ ಅಭಿಪ್ರಾಯಕ್ಕೆ ಹೋದಾಗ ಅದೇ ಬೇಕಾಗುವುದು.

ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ), ಧಾರವಾಡದ ಸತ್ತೂರಿನ ಎಸ್‌ಡಿಎಂ ವೈದ್ಯಕೀಯ ಕಾಲೇಜು, ಗದಗದ ಜಿಮ್ಸ್, ಹಾವೇರಿಯ ವೈದ್ಯಕೀಯ ವಿಜ್ಞಾನ ಸಂಸ್ಥೆ ಇವೆಲ್ಲ ಈ ಭಾಗದ ಬೋಧಕ ಆಸ್ಪತ್ರೆಗಳು. ಮೊದಲು ಮೂಳೆ ವಿಭಾಗದ ಹೊರರೋಗಿ ಚೀಟಿ ಮಾಡಿಸಿ. ನೇರವಾಗಿ ಸ್ಕ್ಯಾನಿಂಗ್ ಸೆಂಟರ್‌ಗೆ ಹೋಗಿ ಎಂಆರ್‌ಐ ಮಾಡಿಸಿಕೊಂಡು ವರದಿ ಹಿಡಿದು ಅಲೆಯುವುದು ಹಣ ಕಳೆಯುವ ದಾರಿ.

ಮೊಣಕಾಲು ಒಂದೇ ಭಂಗಿಯಲ್ಲಿ ಸಿಕ್ಕಿಹಾಕಿಕೊಂಡು ಬಿಚ್ಚಲೂ ಬಾರದಂತಾಗಿದ್ದರೆ ಹರಿದ ಮೆನಿಸ್ಕಸ್ ತುಂಡು ಒಳಗೆ ಮಡಚಿ ಸಿಲುಕಿರಬಹುದು. ಇದಕ್ಕೆ ಮುಂದಿನ ಹಂತದ ಕಾಯುವಿಕೆ ಅನ್ವಯಿಸುವುದಿಲ್ಲ. ವೈದ್ಯರನ್ನು ಬೇಗ ಕಾಣಿ.

ಹಂತ 3: ಆಪರೇಷನ್‌ಗೆ ಮುಂಚಿನ ವಾರಗಳು

ಈ ಹಂತವನ್ನು ಹಾರಿಸಿಬಿಡುವವರೇ ಹೆಚ್ಚು. ಊದಿಕೊಂಡ, ಬಿಗಿದ ಮೊಣಕಾಲಿನ ಮೇಲೆ ಆತುರದ ಆಪರೇಷನ್ ಮಾಡಿಸಿಕೊಂಡರೆ ಒಳಗೆ ಗಾಯದ ಅಂಗಾಂಶ ದಪ್ಪವಾಗಿ ಬೆಳೆದು ಕೀಲು ಮರಗಟ್ಟುವ ಅಪಾಯ ಜಾಸ್ತಿ. ಸಿಲುಕಿದ ಮೆನಿಸ್ಕಸ್‌ನಂಥ ಕಾರಣ ಇಲ್ಲದಿದ್ದರೆ ಮೂರರಿಂದ ಆರು ವಾರ ಮೊಣಕಾಲನ್ನು ತಯಾರು ಮಾಡುವುದರಿಂದ ನಷ್ಟವೇನೂ ಇಲ್ಲ.

ತಯಾರಾಗಿದೆ ಎನ್ನಲು ನಾಲ್ಕು ಗುರುತುಗಳಿವೆ. ಬಾವು ಬಹುಪಾಲು ಇಳಿದಿರಬೇಕು. ಇನ್ನೊಂದು ಕಾಲಿನಷ್ಟೇ ನೆಟ್ಟಗಾಗಬೇಕು. ಸುಮಾರು 120 ಡಿಗ್ರಿ ಬಗ್ಗಬೇಕು, ಅಂದರೆ ಕುರ್ಚಿಯಲ್ಲಿ ಕುಳಿತು ಹಿಮ್ಮಡಿಯನ್ನು ಕುರ್ಚಿಯ ಕೆಳಗೆ ಚೆನ್ನಾಗಿ ಹಿಂದಕ್ಕೆ ಎಳೆದುಕೊಳ್ಳುವಷ್ಟು. ಕೊನೆಯದಾಗಿ, ಮಲಗಿ ಕಾಲನ್ನು ನೆಟ್ಟಗೆ ಎತ್ತಿದಾಗ ಮೊಣಕಾಲು ಸ್ವಲ್ಪವೂ ಕುಸಿಯಬಾರದು.

ಬಾವು ಇದೆಯೇ ಎಂದು ಮನೆಯಲ್ಲೇ ನೋಡಬಹುದು. ಕಾಲು ಚಾಚಿ ಕುಳಿತು, ಮಂಡಿಚಿಪ್ಪಿನ ಒಳಬದಿಯನ್ನು ಅಂಗೈಯಿಂದ ಕೆಳಗಿನಿಂದ ಮೇಲಕ್ಕೆ ಎರಡು ಮೂರು ಬಾರಿ ಸವರಿ. ನಂತರ ಹೊರಬದಿಯನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಸವರಿ. ಒಳಬದಿಯ ಗುಳಿಯಲ್ಲಿ ನೀರಿನ ಅಲೆಯಂತೆ ಉಬ್ಬು ಮರಳಿ ಬಂದರೆ ಒಳಗೆ ದ್ರವ ಇನ್ನೂ ಇದೆ. ಈ ಪರೀಕ್ಷೆಯನ್ನು ಕಲಿತುಕೊಳ್ಳಿ. ಮುಂದಿನ ಒಂದು ವರ್ಷ ವ್ಯಾಯಾಮ ಹೆಚ್ಚಿಸಬೇಕೋ ತಗ್ಗಿಸಬೇಕೋ ಎಂದು ಹೇಳುವುದು ಇದೇ.

ಅಳತೆಪಟ್ಟಿಯಿಂದ ಮಂಡಿಚಿಪ್ಪಿನ ಮೇಲಂಚಿನಿಂದ ಹತ್ತು ಸೆಂಟಿಮೀಟರ್ ಮೇಲೆ ಎರಡೂ ತೊಡೆಗಳ ಸುತ್ತಳತೆ ತೆಗೆದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಹಂತ 4: ಆಪರೇಷನ್ ಬೇಕೇ, ಬೇಡವೇ

ಹರಿದ ಪ್ರತಿ ಎಸಿಎಲ್‌ಗೂ ಆಪರೇಷನ್ ಬೇಕೆಂದಿಲ್ಲ. ಸ್ವೀಡನ್‌ನಲ್ಲಿ 121 ಮಂದಿ ಚುರುಕಿನ ಯುವಜನರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನದ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಬೇಗನೆ ಆಪರೇಷನ್, ಇನ್ನೊಂದಕ್ಕೆ ಮೊದಲು ವ್ಯಾಯಾಮ ಕೊಟ್ಟು ಅಗತ್ಯವೆನಿಸಿದರೆ ಮಾತ್ರ ಆಪರೇಷನ್. ಎರಡು ವರ್ಷದ ಕೊನೆಗೆ ಎರಡೂ ಗುಂಪುಗಳ ಸ್ಥಿತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಐದು ವರ್ಷ ಕಳೆದಾಗಲೂ ಎರಡನೇ ಗುಂಪಿನ ಅರ್ಧದಷ್ಟು ಜನ ಆಪರೇಷನ್ ಇಲ್ಲದೆಯೇ ಇದ್ದರು.

ಹಾಗಾದರೆ ಯಾರಿಗೆ ಬೇಕು? ಕಬಡ್ಡಿ, ಕುಸ್ತಿ, ಫುಟ್‌ಬಾಲ್, ಬ್ಯಾಡ್ಮಿಂಟನ್‌ನಂತೆ ತಿರುಗಿ ಜಿಗಿಯುವ ಆಟಕ್ಕೆ ಮರಳಬೇಕಾದವರಿಗೆ. ಹೊಲಿಯಬಹುದಾದ ಮೆನಿಸ್ಕಸ್ ಗಾಯವೂ ಇರುವವರಿಗೆ. ಒಂದಕ್ಕಿಂತ ಹೆಚ್ಚು ಲಿಗಮೆಂಟ್ ಹೋದವರಿಗೆ. ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿದ ಮೇಲೂ ನಡೆಯುವಾಗ ಕಾಲು ಕೈಕೊಡುವವರಿಗೆ. ಮಳೆಗಾಲದಲ್ಲಿ ಎರೆಹೊಲದ ಜಾರುವ ಮಣ್ಣಿನಲ್ಲಿ ಹೊರೆ ಹೊತ್ತು ನಡೆಯಬೇಕಾದ ರೈತರನ್ನೂ ನಾನು ಈ ಪಟ್ಟಿಗೆ ಸೇರಿಸುತ್ತೇನೆ. ಆಟಗಾರನಲ್ಲ ಎಂಬ ಕಾರಣಕ್ಕೆ ‘ನಿಮಗೇಕೆ ಆಪರೇಷನ್’ ಎನ್ನುವುದು ಅನ್ಯಾಯ. ಕಾಲು ಪದೇ ಪದೇ ಜಾರಲು ಬಿಟ್ಟರೆ ಪ್ರತಿ ಸಲವೂ ಮೆನಿಸ್ಕಸ್ ತುಸು ತುಸು ಹಾಳಾಗುತ್ತದೆ.

ಕುರ್ಚಿಯಲ್ಲಿ ಕೂತು ಮಾಡುವ ಕೆಲಸ, ನಡಿಗೆ, ಸೈಕಲ್, ಈಜು ಇಷ್ಟೇ ಸಾಕೆನ್ನುವವರು ಮೊದಲು ವ್ಯಾಯಾಮದ ದಾರಿ ಹಿಡಿಯಬಹುದು. ಆ ದಾರಿಯೂ ತಿಂಗಳುಗಟ್ಟಲೆ ಶ್ರಮ ಬೇಡುತ್ತದೆ. ಪೂರ್ತಿ ತುಂಡಾದ ಲಿಗಮೆಂಟನ್ನು ಜೋಡಿಸುವ ಮಾತ್ರೆಯಾಗಲಿ ಇಂಜೆಕ್ಷನ್ ಆಗಲಿ ಇಲ್ಲ.

ಈ ಆಪರೇಷನ್‌ನಲ್ಲಿ ಹರಿದ ಎಸಿಎಲ್ ಜಾಗಕ್ಕೆ ನಿಮ್ಮದೇ ಮೈಯ ಸ್ನಾಯುರಜ್ಜುವನ್ನು ಕಸಿ ಮಾಡುತ್ತಾರೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಹೊಸ ಲಿಗಮೆಂಟ್‌ಗೆ ಎಲ್ಲಿಂದ ಸ್ನಾಯುರಜ್ಜು ತೆಗೆಯುತ್ತಾರೆ ಎಂದು ಕೇಳಿ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್, ಮಂಡಿಚಿಪ್ಪಿನ ಕೆಳಗಿನ ರಜ್ಜು, ತೊಡೆಯ ಮುಂಭಾಗದ ರಜ್ಜು, ಕೆಲವೆಡೆ ಕೆಳಗಾಲಿನ ಪೆರೋನಿಯಸ್ ಬಳಕೆಯಲ್ಲಿವೆ. ಹ್ಯಾಮ್‌ಸ್ಟ್ರಿಂಗ್ ತೆಗೆದರೆ ಆ ಸ್ನಾಯುವಿನ ವ್ಯಾಯಾಮವನ್ನು ತಡವಾಗಿ ಶುರು ಮಾಡಬೇಕಾಗುತ್ತದೆ. ಮಂಡಿಚಿಪ್ಪಿನ ರಜ್ಜು ತೆಗೆದರೆ ಮಂಡಿಯೂರಿ ಕೂರುವಾಗ ನೋವು ಉಳಿಯಬಹುದು. ನಮಾಜು ಮಾಡುವವರು, ಮಂಡಿಯೂರಿ ಟೈಲ್ಸ್ ಕೂರಿಸುವವರು ಈ ಮಾತನ್ನು ವೈದ್ಯರಿಗೆ ಮೊದಲೇ ತಿಳಿಸಿ.

ಖರ್ಚಿನ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಸಿಗುತ್ತದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಸಹಕಾರ ಸಂಘದ ಸದಸ್ಯರು ಯಶಸ್ವಿನಿ ಕಾರ್ಡ್ ಇದ್ದರೆ ಅದನ್ನೂ ತೋರಿಸಿ. ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ಯೋಜನೆಯ ಮಾಹಿತಿ ಕೊಡುವ ಆರೋಗ್ಯಮಿತ್ರರ ಮೇಜಿನ ಬಳಿ ಎರಡು ಪ್ರಶ್ನೆ ಕೇಳಿ: ಈ ಆಪರೇಷನ್ ಪಟ್ಟಿಯಲ್ಲಿದೆಯೇ? ಹೊಸ ಲಿಗಮೆಂಟನ್ನು ಮೂಳೆಗೆ ಹಿಡಿಸುವ ಸ್ಕ್ರೂ ಮತ್ತು ಬಟನ್‌ಗಳ ಬೆಲೆ ಅದರಲ್ಲಿ ಸೇರಿದೆಯೇ?

ಹಂತ 5: ಆಪರೇಷನ್ ನಂತರದ ಎರಡು ವಾರ

ಈ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವ ಸಮಯವಿದ್ದರೆ ಇದನ್ನು ಓದಿ. ಈ ಹದಿನಾಲ್ಕು ದಿನಗಳ ಗುರಿ ಮೂರು: ಕಾಲು ಪೂರ್ತಿ ನೆಟ್ಟಗಾಗಬೇಕು, ತೊಡೆಯ ಸ್ನಾಯು ಎಚ್ಚರಗೊಳ್ಳಬೇಕು, ಬಾವು ಇಳಿಯಬೇಕು. ಬಗ್ಗಿಸುವುದಕ್ಕೆ 90 ಡಿಗ್ರಿ ಸಾಕು.

ನೆಟ್ಟಗಾಗಿಸುವುದು. ಮಡಚಿದ ಟವೆಲನ್ನು ಹಿಮ್ಮಡಿಯ ಕೆಳಗಿಟ್ಟು ಮೊಣಕಾಲು ಗಾಳಿಯಲ್ಲಿ ತೂಗುವಂತೆ ಬಿಡಿ. ಹತ್ತು ನಿಮಿಷ, ದಿನಕ್ಕೆ ನಾಲ್ಕೈದು ಬಾರಿ. ಹಿಂಬದಿಯಲ್ಲಿ ಎಳೆದಂತಾಗುತ್ತದೆ, ಆಗಲಿ. ತಾಯಂದಿರು ಕರುಳು ತಾಳದೆ ಮೊಣಕಾಲಿನ ಕೆಳಗೆ ದಿಂಬು ತೂರಿಸುತ್ತಾರೆ. ಹಾಯಾಗಿರುತ್ತದೆ ನಿಜ, ಆದರೆ ಅದೇ ಭಂಗಿಯಲ್ಲಿ ಕೀಲು ಬಿಗಿದುಕೊಳ್ಳುತ್ತದೆ. ‘ಅವ್ವಾ, ದಿಂಬು ಹಿಮ್ಮಡಿಗೆ ಇಡು’ ಎಂದು ಮನೆಯವರಿಗೆಲ್ಲ ಮೊದಲೇ ಹೇಳಿಡಿ.

ತೊಡೆ ಎಚ್ಚರಿಸುವುದು. ಹಾಗೆಯೇ ಕಾಲು ಚಾಚಿ, ಮೊಣಕಾಲಿನ ಹಿಂಬದಿಯಿಂದ ಹಾಸಿಗೆಯನ್ನು ಒತ್ತುತ್ತಾ ತೊಡೆ ಬಿಗಿ ಮಾಡಿ, ಐದು ಸೆಕೆಂಡ್ ಹಿಡಿದು ಬಿಡಿ. ಹತ್ತು ಬಾರಿಗೆ ಒಂದು ಸುತ್ತು, ಎಚ್ಚರವಿರುವಾಗ ಗಂಟೆಗೊಂದು ಸುತ್ತು. ಮೊದಲ ದಿನಗಳಲ್ಲಿ ಎಷ್ಟು ಯತ್ನಿಸಿದರೂ ಸ್ನಾಯು ಮಿಡುಕುವುದಿಲ್ಲ. ಬಾವು ಇರುವಾಗ ನರವೇ ಸ್ನಾಯುವನ್ನು ತಡೆಹಿಡಿಯುತ್ತದೆ. ಒಳ್ಳೆಯ ಕಾಲಿನ ತೊಡೆಯನ್ನೂ ಒಟ್ಟಿಗೇ ಬಿಗಿ ಮಾಡಿದರೆ ಸುಲಭವಾಗುತ್ತದೆ. ಮಂಡಿಚಿಪ್ಪು ಮೇಲಕ್ಕೆ ಸರಿಯುವುದು ಕಂಡರೆ ಕೆಲಸ ಆಯಿತು ಎಂದರ್ಥ.

ಕಾಲೆತ್ತುವುದು. ತೊಡೆ ಬಿಗಿಯಾಗಿ ಮೊಣಕಾಲು ಕುಸಿಯದೆ ನಿಲ್ಲುವ ತನಕ ನೆಟ್ಟಗಿನ ಕಾಲೆತ್ತುವ ವ್ಯಾಯಾಮಕ್ಕೆ ಹೋಗಬೇಡಿ. ಕುಸಿಯುವ ಕಾಲನ್ನು ನೂರು ಸಲ ಎತ್ತಿದರೂ ಸೊಂಟದ ಸ್ನಾಯುವಷ್ಟೇ ಗಟ್ಟಿಯಾಗುತ್ತದೆ.

ಬಗ್ಗಿಸುವುದು. ಹಾಸಿಗೆಯ ಮೇಲೆ ಹಿಮ್ಮಡಿಯನ್ನು ಪೃಷ್ಠದ ಕಡೆಗೆ ನಿಧಾನವಾಗಿ ಜಾರಿಸಿ. ಪಾದಕ್ಕೆ ಪಂಚೆಯನ್ನೋ ದುಪಟ್ಟಾವನ್ನೋ ಸುತ್ತಿ ಕೈಯಿಂದ ಎಳೆದುಕೊಂಡರೆ ಸಹಾಯ. ಬೇರೆಯವರು ಹಿಡಿದು ಬಲವಂತವಾಗಿ ಮಡಚುವುದನ್ನು ಯಾವ ಕಾರಣಕ್ಕೂ ಒಪ್ಪಬೇಡಿ.

ಮೀನಖಂಡಕ್ಕಾಗಿ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ. ರಕ್ತ ಹೆಪ್ಪುಗಟ್ಟದಂತೆ ಕಾಯುವ ಸರಳ ಉಪಾಯ ಇದು.

ಊರುಗೋಲು. ಎಸಿಎಲ್ ಮಾತ್ರ ಸರಿಪಡಿಸಿದ್ದರೆ ಸಾಮಾನ್ಯವಾಗಿ ಮೊದಲ ದಿನಗಳಿಂದಲೇ ಊರುಗೋಲಿನ ಆಸರೆಯಲ್ಲಿ ಕಾಲೂರಲು ಬಿಡುತ್ತಾರೆ. ಮೆನಿಸ್ಕಸ್ ಹೊಲಿದಿದ್ದರೆ ಲೆಕ್ಕವೇ ಬೇರೆ. ನಾಲ್ಕರಿಂದ ಆರು ವಾರ ಭಾರ ಹಾಕುವುದಕ್ಕೂ 90 ಡಿಗ್ರಿ ಮೀರಿ ಬಗ್ಗಿಸುವುದಕ್ಕೂ ತಡೆ ಇರಬಹುದು. ಪಕ್ಕದ ಹಾಸಿಗೆಯವರನ್ನು ನೋಡಿ ನಕಲು ಮಾಡಬೇಡಿ, ನಿಮ್ಮ ಡಿಸ್ಚಾರ್ಜ್ ಕಾರ್ಡ್‌ನಲ್ಲಿ ಬರೆದದ್ದೇ ಅಂತಿಮ. ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಒಂದೇ ಊರುಗೋಲಿಗೆ ಬಂದಾಗ ಅದು ಒಳ್ಳೆಯ ಕಾಲಿನ ಕಡೆಯ ಕೈಯಲ್ಲಿರಬೇಕು. ಹೆಚ್ಚಿನವರು ನೋವಿನ ಕಡೆಗೇ ಹಿಡಿದು ಕುಂಟುತ್ತಾರೆ.

ಗಾಯದ ಹೊರಬದಿಯಲ್ಲಿ ಚರ್ಮ ಮರಗಟ್ಟಿದಂತಿದ್ದರೆ ಗಾಬರಿ ಬೇಡ. ಅಲ್ಲಿನ ಸಣ್ಣ ನರದ ಕವಲು ಕತ್ತರಿಸುವುದರಿಂದ ಹಾಗಾಗುತ್ತದೆ. ಮೊಣಕಾಲಿನಿಂದ ಕೆಳಕ್ಕೆ ಇಳಿಯುವ ನೀಲಿ ಕಲೆಯೂ ಸಾಮಾನ್ಯ.

*ತಕ್ಷಣ ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ?* ಮೀನಖಂಡ ಊದಿ, ಒತ್ತಿದರೆ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಇದರೊಡನೆ ಉಸಿರಾಟದ ತೊಂದರೆ, ಎದೆನೋವು ಕಂಡರೆ ಒಂದು ನಿಮಿಷವೂ ಕಾಯದೆ 108. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿ, ಗಾಯದಿಂದ ಕೀವೋ ನೀರೋ ಒಸರಿ, ಇಳಿಯುತ್ತಿದ್ದ ನೋವು ಮತ್ತೆ ಏರತೊಡಗಿದರೆ ಸೋಂಕಿನ ಶಂಕೆ. ಮನೆಯಲ್ಲಿರುವ ಹಳೆಯ ಆ್ಯಂಟಿಬಯಾಟಿಕ್ ನುಂಗಿ ದಿನ ದೂಡಬೇಡಿ.

ಹಂತ 6: ಎರಡರಿಂದ ಆರನೇ ವಾರ

ಹೊಲಿಗೆ ಹತ್ತರಿಂದ ಹದಿನಾಲ್ಕನೇ ದಿನಕ್ಕೆ ತೆಗೆಯುತ್ತಾರೆ. ಗದಗ, ಹಾವೇರಿಯಿಂದ ಬರುವ ಅನೇಕರ ಪಾಲಿಗೆ ಆಸ್ಪತ್ರೆಯ ನಂಟು ಅಂದಿಗೇ ಮುಗಿಯುತ್ತದೆ. ಹಾಗಾಗದಿರಲಿ. ವಾರಕ್ಕೊಮ್ಮೆ ಹುಬ್ಬಳ್ಳಿಗೆ ಬರಲಾಗದಿದ್ದರೆ ನಿಮ್ಮ ಊರಿಗೆ ಹತ್ತಿರದ ಫಿಸಿಯೋಥೆರಪಿಸ್ಟ್ ಒಬ್ಬರನ್ನು ಗೊತ್ತುಮಾಡಿ, ಶಸ್ತ್ರಚಿಕಿತ್ಸಕರ ಸೂಚನಾ ಹಾಳೆಯ ಪ್ರತಿಯನ್ನು ಅವರ ಕೈಗೆ ಕೊಡಿ. ಹುಬ್ಬಳ್ಳಿ–ಧಾರವಾಡದ ನಡುವೆ ಓಡಾಡುವವರಿಗೆ ಚಿಗರಿ ಬಸ್ ಅನುಕೂಲ: ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ಊರುಗೋಲು ಹಿಡಿದು ಮೆಟ್ಟಿಲು ಹತ್ತುವ ತಾಪತ್ರಯವಿಲ್ಲ.

ನೆಟ್ಟಗಾಗಿದೆಯೇ ಎಂದು ಅಳೆಯುವ ಒಳ್ಳೆಯ ಕ್ರಮವೊಂದಿದೆ. ಮಂಚದ ಮೇಲೆ ಬೋರಲು ಮಲಗಿ ಎರಡೂ ಮೊಣಕಾಲಿನಿಂದ ಕೆಳಗಿನ ಭಾಗವನ್ನು ಅಂಚಿನಿಂದ ಹೊರಗೆ ಬಿಡಿ. ಹಿಂದಿನಿಂದ ನೋಡುವವರು ಎರಡು ಹಿಮ್ಮಡಿಗಳ ಎತ್ತರ ಹೋಲಿಸಲಿ. ಒಂದು ಸೆಂಟಿಮೀಟರ್ ವ್ಯತ್ಯಾಸ ಎಂದರೆ ಸರಿಸುಮಾರು ಒಂದು ಡಿಗ್ರಿ ಕೊರತೆ. ಆರನೇ ವಾರದ ಹೊತ್ತಿಗೆ ಕೊರತೆ ಉಳಿದಿದ್ದರೆ, ಅದರಲ್ಲೂ ಚಾಚುವಾಗ ಮುಂಭಾಗದಲ್ಲಿ ಏನೋ ಅಡ್ಡ ಸಿಕ್ಕಂತೆ ನೋವಾದರೆ, ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಕೀಲಿನ ಮುಂಭಾಗದಲ್ಲಿ ಗಾಯದ ಅಂಗಾಂಶದ ಗಂಟು ಬೆಳೆದಿರಬಹುದು. ಅದು ವ್ಯಾಯಾಮದಿಂದ ಕರಗುವುದಿಲ್ಲ.

ಈ ಅವಧಿಯಲ್ಲಿ ಗೋಡೆ ಹಿಡಿದು ಅರ್ಧ ಕೂರುವುದು, ಮಲಗಿ ಸೊಂಟ ಎತ್ತುವುದು, ತುದಿಗಾಲಲ್ಲಿ ನಿಲ್ಲುವುದು, ಜಿಮ್‌ನಲ್ಲಿರುವಂಥ ನಿಂತಲ್ಲೇ ಇರುವ ಸೈಕಲ್ಲನ್ನು ಸೀಟು ಎತ್ತರಿಸಿ ತುಳಿಯುವುದು ಸೇರುತ್ತವೆ. ಆರನೇ ವಾರಕ್ಕೆ ಸುಮಾರು 120 ಡಿಗ್ರಿ ಬಗ್ಗಿದರೆ ಸರಿ. ಕುಂಟದೆ ನಡೆಯಲು ಬಂದ ಮೇಲಷ್ಟೇ ಊರುಗೋಲು ಬಿಡಿ. ನಾಚಿಕೆಗೆ ಬಿಟ್ಟು ಕುಂಟಿದರೆ ಆ ಕುಂಟು ರೂಢಿಯಾಗಿ ಉಳಿಯುತ್ತದೆ. ವಾಹನದ ವಿಷಯ: ಬ್ರೇಕನ್ನು ಗಟ್ಟಿಯಾಗಿ ಒತ್ತಲು ಹೆದರಿಕೆ ಇರುವ ತನಕ ಸ್ಕೂಟರ್ ಬೇಡ, ಕಾರೂ ಬೇಡ.

ಊಟದಲ್ಲಿ ಪಥ್ಯದ ಹೆಸರಲ್ಲಿ ಬರೀ ಗಂಜಿ ಕುಡಿಸುವುದನ್ನು ನಿಲ್ಲಿಸಿ. ಸ್ನಾಯು ಕಟ್ಟಲು ಪ್ರೋಟೀನ್ ಬೇಕು. ರೊಟ್ಟಿಯ ಜೊತೆ ಮಡಿಕೆಕಾಳು, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು ಇರಲಿ. ತಿನ್ನುವವರಿಗೆ ಮೊಟ್ಟೆ, ಮಾಂಸ. ಸಿಗರೇಟು, ಗುಟ್ಕಾ, ತಂಬಾಕು ಬಿಡಿ. ನಿಕೋಟಿನ್ ಗಾಯ ಮಾಯುವುದನ್ನು ತಡಮಾಡುತ್ತದೆ.

ಹಂತ 7: ಆರರಿಂದ ಹನ್ನೆರಡನೇ ವಾರ, ಮೋಸದ ಕಾಲ

ನೋವು ಹೋಗಿದೆ, ನಡಿಗೆ ಸರಿಯಾಗಿದೆ. ಒಳಗೆ ಮಾತ್ರ ಹೊಸ ಲಿಗಮೆಂಟ್ ತನ್ನ ಅತ್ಯಂತ ದುರ್ಬಲ ಸ್ಥಿತಿಯಲ್ಲಿದೆ. ಕಸಿ ಮಾಡಿದ ರಜ್ಜುವಿನ ಹಳೆಯ ಜೀವಕೋಶಗಳು ಸತ್ತು, ಹೊಸ ರಕ್ತನಾಳ ಮತ್ತು ಜೀವಕೋಶಗಳು ಬಂದು ಅದು ನಿಧಾನವಾಗಿ ಲಿಗಮೆಂಟಾಗಿ ಬದಲಾಗುತ್ತದೆ. ನಾಟಿ ಮಾಡಿದ ಸಸಿ ಬೇರೂರುವ ಮೊದಲು ಬಾಡುವ ಹಾಗೆ, ಈ ಬದಲಾವಣೆಯ ನಡುವೆ ಅದರ ಬಲ ಇಳಿಯುತ್ತದೆ. ಮದುವೆಯ ಮೆರವಣಿಗೆಯಲ್ಲಿ ಕುಣಿದವರು, ದೀಪಾವಳಿ ಸಮಯದಲ್ಲಿ ಹಾವೇರಿ ಕಡೆ ಹೋರಿ ಬೆದರಿಸಲು ಅಖಾಡಕ್ಕಿಳಿದವರು ಕಸಿಯನ್ನು ಸಡಿಲ ಮಾಡಿಕೊಳ್ಳುವುದು ಈ ದಿನಗಳಲ್ಲಿ.

ಹಾಗೆಂದು ಮಲಗಿಯೂ ಇರಬಾರದು. ಒಂದು ಇಟ್ಟಿಗೆಯ ಎತ್ತರದಿಂದ ಆರಂಭಿಸಿ ಮೆಟ್ಟಿಲಿನ ಎತ್ತರದವರೆಗೆ ಹತ್ತಿ ಇಳಿಯುವ ಅಭ್ಯಾಸ, ಒಂಟಿ ಕಾಲಲ್ಲಿ ನಿಲ್ಲುವುದು, 60 ಡಿಗ್ರಿವರೆಗೆ ಕೂತು ಏಳುವುದು ಮಾಡಿ. ಕನ್ನಡಿಯ ಮುಂದೆ ನಿಂತು ಮೊಣಕಾಲು ಒಳಕ್ಕೆ ವಾಲುತ್ತಿದೆಯೇ ನೋಡಿಕೊಳ್ಳಿ. ವಾಲುತ್ತಿದ್ದರೆ ಎತ್ತರ ತಗ್ಗಿಸಿ. ಉಣಕಲ್ ಕೆರೆಯ ಸುತ್ತಿನಂಥ ಸಮತಟ್ಟಾದ ದಾರಿಯಲ್ಲಿ ನಡೆಯಿರಿ. ನೃಪತುಂಗ ಬೆಟ್ಟದ ಏರಿಳಿತಕ್ಕೆ ಇನ್ನೂ ಸಮಯವಿದೆ. ಜಿಮ್‌ನಲ್ಲಿ ಕುಳಿತು ಭಾರ ಒದೆಯುವ ಲೆಗ್ ಎಕ್ಸ್‌ಟೆನ್ಷನ್ ಯಂತ್ರವನ್ನು ಫಿಸಿಯೋಥೆರಪಿಸ್ಟ್ ಹೇಳಿದ ಕೋನದ ಮಿತಿಯಲ್ಲೇ ಬಳಸಿ. ಕೊನೆಯ 45 ಡಿಗ್ರಿಗೆ ಭಾರ ಹಾಕಿ ಚಾಚುವುದು ಈಗ ಬೇಡ.

ಎಷ್ಟು ನೋವು ಸಹಿಸಬಹುದು? ವ್ಯಾಯಾಮದ ವೇಳೆ ಹತ್ತರಲ್ಲಿ ಎರಡು ಮೂರರಷ್ಟು ನೋವು ಸರಿ. ಮರುದಿನ ಬೆಳಿಗ್ಗೆ ಬಾವಿನ ಪರೀಕ್ಷೆಯಲ್ಲಿ ಉಬ್ಬು ಕಂಡರೆ ಹಿಂದಿನ ದಿನ ಮಾಡಿದ್ದು ಹೆಚ್ಚಾಯಿತು. ವ್ಯಾಯಾಮವನ್ನು ತುಸು ತಗ್ಗಿಸಿ.

ಹಂತ 8: ಮೂರರಿಂದ ಆರನೇ ತಿಂಗಳು

ಬೇಸರ ಹುಟ್ಟಿಸುವ ತಿಂಗಳುಗಳಿವು, ಫಲಿತಾಂಶವನ್ನು ನಿರ್ಧರಿಸುವವೂ ಇವೇ. ವಾರಕ್ಕೆ ಮೂರು ದಿನ ತೊಡೆಯ ಮುಂಭಾಗ, ಹಿಂಭಾಗ, ಪೃಷ್ಠ, ಮೀನಖಂಡಗಳಿಗೆ ಭಾರದೊಂದಿಗೆ ವ್ಯಾಯಾಮ. ಪ್ರತಿಯೊಂದನ್ನೂ ಒಂಟಿ ಕಾಲಲ್ಲಿ ಮಾಡಬೇಕು. ಎರಡೂ ಕಾಲು ಸೇರಿದರೆ ಒಳ್ಳೆಯ ಕಾಲೇ ಕೆಲಸವೆಲ್ಲ ಕದಿಯುತ್ತದೆ.

ಓಟ ಯಾವಾಗ? ಮೂರು–ನಾಲ್ಕು ತಿಂಗಳಿಗಿಂತ ಮೊದಲಂತೂ ಇಲ್ಲ. ಅದೂ ಬಾವು ಇಲ್ಲದೆ, ಪೂರ್ತಿ ಚಲನೆ ಬಂದು, ತೊಡೆಯ ಬಲ ಇನ್ನೊಂದರ ಶೇ 70–80 ಮುಟ್ಟಿದ್ದರೆ. ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ನೇರ ದಾರಿಯಲ್ಲಿ.

ನೆಲದ ಮೇಲೆ ಚಕ್ಕಂಬಕ್ಕಳ ಹಾಕುವುದು, ಪಂಕ್ತಿಯಲ್ಲಿ ಕೂತು ಉಣ್ಣುವುದು, ಕುಕ್ಕರಗಾಲಲ್ಲಿ ಕೂರುವುದು ಈ ಅವಧಿಯಲ್ಲಿ ಹಂತಹಂತವಾಗಿ ಮರಳುತ್ತವೆ. ಮೊದಲು ತಗ್ಗು ಮಣೆಯ ಮೇಲೆ ಕೂತು ಏಳಿ, ಆಮೇಲೆ ನೆಲ. ಮೆನಿಸ್ಕಸ್ ಹೊಲಿದಿದ್ದರೆ ಆಳವಾಗಿ ಕೂರುವುದಕ್ಕೆ ವೈದ್ಯರ ಅನುಮತಿ ಬೇಕು. ಗರಡಿಯ ಹುಡುಗರು ಬಸ್ಕಿಗೆ ಆತುರಪಡುತ್ತಾರೆ. ಐದಾರು ತಿಂಗಳವರೆಗೆ ಪೂರ್ತಿ ಆಳದ ಬಸ್ಕಿ ಬೇಡ.

ಹಂತ 9: ಅಂಗಳಕ್ಕೆ ಮರಳುವುದು

ಒಂಬತ್ತು ತಿಂಗಳು ಎನ್ನುವುದು ಕನಿಷ್ಠ ಗಡಿ. ನಾರ್ವೆಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಗಾಯವಾಗುವ ಪ್ರಮಾಣ ಸುಮಾರು ಅರ್ಧಕ್ಕೆ ಇಳಿದದ್ದು ಕಂಡುಬಂತು. ವಲಯ ಮಟ್ಟದ ಪಂದ್ಯ ಇದೆ, ತರಬೇತುದಾರರು ಒತ್ತಾಯಿಸುತ್ತಿದ್ದಾರೆ ಎಂಬ ಕಾರಣಕ್ಕೆ ಆರನೇ ತಿಂಗಳಿಗೆ ಇಳಿಯುವ ಹುಡುಗರಿಗೆ ಈ ಮಾತನ್ನೇ ತೋರಿಸುತ್ತೇನೆ. ನೋವಿನ ಇಂಜೆಕ್ಷನ್ ಚುಚ್ಚಿಸಿಕೊಂಡು ಆಡುವುದಂತೂ ಶುದ್ಧ ಹುಚ್ಚು.

ತಿಂಗಳು ತುಂಬಿದ ಮಾತ್ರಕ್ಕೆ ಸಾಲದು, ಪರೀಕ್ಷೆಯೂ ಆಗಬೇಕು. ನೆಲದಲ್ಲಿ ಗೆರೆ ಎಳೆದು ಒಂಟಿ ಕಾಲಲ್ಲಿ ಒಂದು ಜಿಗಿತ, ಮೂರು ಜಿಗಿತ, ಗೆರೆ ದಾಟುತ್ತಾ ಮೂರು ಜಿಗಿತ, ಆರು ಮೀಟರ್ ದೂರದ ವೇಗದ ಜಿಗಿತ. ಮೊದಲ ಮೂರರಲ್ಲಿ ದೂರ, ಕೊನೆಯದರಲ್ಲಿ ಸಮಯ ಅಳೆಯುವುದು. ಸಾಧನೆ ಇನ್ನೊಂದು ಕಾಲಿನ ಶೇ 90ಕ್ಕೆ ಕಡಿಮೆ ಇರಬಾರದು. ತೊಡೆಯ ಬಲವೂ ಅಷ್ಟೇ. ಇಲ್ಲೊಂದು ಸೂಕ್ಷ್ಮವಿದೆ: ಇಷ್ಟು ತಿಂಗಳು ಆಡದೆ ಒಳ್ಳೆಯ ಕಾಲೂ ಸೊರಗಿರುತ್ತದೆ. ಸೊರಗಿದ ಕಾಲಿನ ಶೇ 90 ಎಂದರೆ ಹೆಚ್ಚೇನಲ್ಲ. ಆಪರೇಷನ್‌ಗೆ ಮುಂಚೆ ನೋಟ್‌ಬುಕ್‌ನಲ್ಲಿ ಬರೆದಿಟ್ಟ ಒಳ್ಳೆಯ ತೊಡೆಯ ಅಳತೆ ಈಗ ಉಪಯೋಗಕ್ಕೆ ಬರುತ್ತದೆ.

ಪಾಸಾದ ಮೇಲೂ ನೇರ ಪಂದ್ಯಕ್ಕಿಳಿಯಬೇಡಿ. ಮೊದಲು ಎದುರಾಳಿಯಿಲ್ಲದ ಅಭ್ಯಾಸ, ನಂತರ ದಿಕ್ಕು ಬದಲಿಸುವ ಓಟ, ನಂತರ ಮೈ ತಾಗುವ ಅಭ್ಯಾಸ, ಕೊನೆಗೆ ಕೆಲವು ನಿಮಿಷಗಳ ಪಂದ್ಯ. ಕಬಡ್ಡಿಯಲ್ಲಿ ದಾಳಿಗಾರನಾಗಿದ್ದರೆ, ಕಾಲು ಹಿಡಿತಕ್ಕೆ ಸಿಕ್ಕಾಗ ಮೈಯನ್ನು ತಿರುಚಿ ಬಿಡಿಸಿಕೊಳ್ಳುವ ಅಭ್ಯಾಸ ಕಟ್ಟಕಡೆಗೆ ಬರಲಿ. ಪ್ರತಿ ಅಭ್ಯಾಸಕ್ಕೂ ಮೊದಲು ಹದಿನೈದು ಇಪ್ಪತ್ತು ನಿಮಿಷ ಮೈ ಬಿಸಿ ಮಾಡಿ, ಜಿಗಿದು ಮೆತ್ತಗೆ ಇಳಿಯುವುದನ್ನು, ಒಂಟಿ ಕಾಲಿನ ಸಮತೋಲವನ್ನು ರೂಢಿಸಿಕೊಳ್ಳಿ. ಇಪ್ಪತ್ತೈದರೊಳಗಿನ ಆಟಗಾರರಲ್ಲಿ ಎರಡನೇ ಗಾಯದ ಅಪಾಯ ಹೆಚ್ಚು. ಅದು ಕಸಿ ಮಾಡಿದ ಕಾಲಿಗೇ ಆಗಬೇಕೆಂದಿಲ್ಲ, ಇನ್ನೊಂದು ಕಾಲಿನ ಎಸಿಎಲ್ ಕೂಡ ಹರಿಯುತ್ತದೆ. ಆದ್ದರಿಂದ ಈ ವ್ಯಾಯಾಮಗಳು ಎರಡೂ ಕಾಲಿಗೆ.

ಡಿಸ್ಚಾರ್ಜ್ ಕಾರ್ಡ್, ಎಂಆರ್‌ಐ ಸಿ.ಡಿ., ಆಪರೇಷನ್‌ನಲ್ಲಿ ಹಾಕಿದ ಸ್ಕ್ರೂ ಮತ್ತು ಬಟನ್‌ಗಳ ಸ್ಟಿಕ್ಕರ್ ಇರುವ ಹಾಳೆ ಇವನ್ನು ಒಂದೇ ಫೈಲ್‌ನಲ್ಲಿಡಿ. ಮುಂದೆ ಎಂದಾದರೂ ಎಂಆರ್‌ಐ ಮಾಡಿಸಬೇಕಾದಾಗ ಕಾಲಿನಲ್ಲಿ ಯಾವ ಲೋಹವಿದೆ ಎಂದು ಕೇಳುತ್ತಾರೆ. ಟೈಟಾನಿಯಂ ಆಗಿದ್ದರೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೂ ಆ ಸ್ಟಿಕ್ಕರ್ ತೋರಿಸಿಯೇ ಒಳಗೆ ಹೋಗಿ.